ಗಾಡಿಗಳಿಲ್ಲದ ರಸ್ತೆಯ ಕಾಕಾ

ಮೊನ್ನೆ ಬೆಳಿಗ್ಗೆ ಹಾಲು ತರಲೆಂದು ಬಿಲ್ಡಿಂಗಿನ ಮೆಟ್ಟಿಲಿಳಿಯುತ್ತಿದ್ದಾಗ ಕೆಳಗೆ ವಾಚಮನ್ ತನ್ನ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದ. ಪಕ್ಕದಲ್ಲಿ ಒಂದು ಬಕೆಟ್ ನೀರು, ತೊಡೆಯ ಮೇಲೆ ಹೊರಗೆಳೆದ ಟ್ಯೂಬು. ರಬ್ಬರಿನ ತುಣುಕಿಗೆ ಸೊಲ್ಯೂಷನ್ ಹಚ್ಚಿ, ಬಾಯಿಂದ ಊದಿ ಊದಿ ಒಣಗಿಸುತ್ತಿದ್ದ. ಆ ವಾಸನೆ... ತುಸು ಸಿಹಿ, ತುಸು ಪೆಟ್ರೋಲು, ಮೂಗಿನೊಳಗೆ ಹತ್ತಿಕೊಂಡು ಕೂರುವಂಥದ್ದು. ನಾನು ಮೂರನೇ ಮೆಟ್ಟಿಲ ಮೇಲೆ ನಿಂತೇಬಿಟ್ಟೆ.

"ಕ್ಯಾ ಹುವಾ ಅಂಕಲ್, ಚಕ್ಕರ್ ಆಯಾ ಕ್ಯಾ?" ಎಂದು ಅವನು ಕೇಳಿದ. ಇಲ್ಲವೆಂದು ಕೈಯಾಡಿಸಿದೆ. ತಲೆ ಸುತ್ತಿರಲಿಲ್ಲ. ಮಲಾಡಿನ ಈ ಬಿಲ್ಡಿಂಗಿನಿಂದ ಸುಮಾರು ಐವತ್ತು ವರ್ಷ ಹಿಂದಕ್ಕೆ, ಪಾರ್ಲೆಯ ಚಾಳಿನ ಕೊನೇ ಖೋಲಿಯ ಮುಂದೆ ಹೋಗಿ ನಿಂತಿದ್ದೆ, ಅಷ್ಟೆ.

ಆ ಖೋಲಿಯಲ್ಲಿ ಇದ್ದವರನ್ನು ಚಾಳಿನವರೆಲ್ಲ ಕಾಕಾ ಎನ್ನುತ್ತಿದ್ದರು. ಮರಾಠಿಯವರಿಗೂ ಕಾಕಾ, ನಮಗೂ ಕಾಕಾ. ವಿಜಾಪುರದ ಕಡೆಯವರು. ಮುಂಬಯಿಯ ಕೋಟೆ ಭಾಗದ ಒಂದು ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದರು. ಇಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಅದೇ ಗೆರೆಗಳನ್ನು ಕಪ್ಪು ಶಾಯಿಯಲ್ಲಿ ಮತ್ತೆ ಎಳೆಯುವ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದರು. ಐವತ್ತು ದಾಟಿದ್ದ ಸಣಕಲು ಆಳು, ದಪ್ಪ ಗಾಜಿನ ಚಷ್ಮಾ. ಬಲಗೈಯ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಶಾಯಿಯ ಕಪ್ಪು ಎಂದೂ ಹೋಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಅವರು, ಅವರ ಹೆಂಡತಿ ಕಾಕೂ, ಗೋಡೆಗೆ ಒರಗಿಸಿಟ್ಟ ಒಂದು ಕರಿಯ ವಿಲಾಯತಿ ಸೈಕಲ್ಲು.

ನಾನಾಗ ಧಾರವಾಡದಿಂದ ಹೊಸದಾಗಿ ಬಂದು ಒಂದು ವಿಮಾ ಕಂಪನಿಯಲ್ಲಿ ಕಾರಕೂನನಾಗಿ ಸೇರಿದ್ದೆ. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಹಗಲೆಲ್ಲ ಆಫೀಸು, ಸಂಜೆ ಕಾನೂನಿನ ಕ್ಲಾಸು, ಅದು ಮುಗಿಸಿ ಲೋಕಲ್‌ನಲ್ಲಿ ನಿಂತುಕೊಂಡೇ ಪಾರ್ಲೆ. ವಿಜಾಪುರ, ಧಾರವಾಡಗಳೆಲ್ಲ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ. ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಆಯಾಸ. ಹಸಿವು ಆಮೇಲೆ, ಊರಿನ ನೆನಪು ಇನ್ನೂ ಆಮೇಲೆ.

ಕಾಕಾ ನನ್ನನ್ನು ಹೇಗೆ ಹಿಡಿದರೋ ಸರಿಯಾಗಿ ನೆನಪಿಲ್ಲ. ನಾನೊಂದು ಹಳೆಯ ಸೈಕಲ್ಲು ಕೊಂಡಿದ್ದೆ, ಸ್ಟೇಷನ್ನಿಗೆ ಹೋಗಿಬರಲು. ಅದರ ಪಂಕ್ಚರ್ ತೆಗೆಯಲು ಬಾರದೆ ಒದ್ದಾಡುತ್ತಿದ್ದಾಗ ಅವರು ಸೊಲ್ಯೂಷನ್ ಟ್ಯೂಬು ಹಿಡಿದು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು ಎಂದು ಕಾಣುತ್ತದೆ. ತೂತನ್ನು ಕಣ್ಣಿನಿಂದ ಹುಡುಕಲಿಲ್ಲ, ಕೆನ್ನೆಯ ಹತ್ತಿರ ಟ್ಯೂಬು ಹಿಡಿದು ಗಾಳಿ ತಾಗುವುದನ್ನು ನೋಡಿದರು. ಆಗ ನನಗೆ ಅದು ಅನುಭವಸ್ಥರ ಉಪಾಯ ಎನಿಸಿತು.

"ಐತವಾರ ಏನ್ ಮಾಡ್ತಿ?" ಎಂದರು.

"ಮಲಗ್ತೀನ್ರೀ."

"ಮಲಗೋದು ಇದ್ದದ್ದ. ನನ್ನ ಜೋಡಿ ಗುಡ್ಡಕ್ಕ ಬಾ. ಒಂದು ಗಾಡಿ ಇಲ್ಲ, ಒಂದು ಲಾರಿ ಇಲ್ಲ, ಅಂಥಾ ರಸ್ತೆ ತೋರಸ್ತೀನಿ."

ಹೀಗೆ ಶುರುವಾಯಿತು. ಬೆಳಿಗ್ಗೆ ಐದಕ್ಕೆ ಬಂದು ಬಾಗಿಲು ತಟ್ಟುತ್ತಿದ್ದರು. ಕಾಕೂ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಅವರ ಹ್ಯಾಂಡಲಿಗೆ. ಅಂಧೇರಿಯ ಪೇಟೆ ದಾಟುವಷ್ಟು ದೂರ ಸೈಕಲ್ಲನ್ನು ತಳ್ಳಿಕೊಂಡೇ ನಡೆಯುತ್ತಿದ್ದರು. ಹತ್ತಿ ಹೋಗೋಣವೆಂದರೆ, "ಯಾತಕ್ಕ ಗಡಿಬಿಡಿ?" ಎನ್ನುತ್ತಿದ್ದರು. ಮರೋಳದ ಭತ್ತದ ಗದ್ದೆಗಳು ಬಂದ ಮೇಲೆ ಕಾಲು ಹಾಕಿ ಹತ್ತುವುದು. ಅಲ್ಲಿಂದ ಮುಂದೆ ಗಾವಠಾಣ ಎನ್ನುವ ಹಳೇ ಹಳ್ಳಿಯ ಶಿಲುಬೆ, ತಾಳೆಮರಗಳು, ಆಮೇಲೆ ವಿಹಾರ ಕೆರೆಯ ಕಡೆಯಿಂದ ಶಹರಕ್ಕೆ ನೀರು ತರುವ ದಪ್ಪ ಕಬ್ಬಿಣದ ಪೈಪುಗಳು. ಆ ಪೈಪುಗಳ ಮಗ್ಗುಲಿಗೆ ಒಂದು ಕೆಂಪು ಮಣ್ಣಿನ ಹಾದಿ ಗುಡ್ಡ ಹತ್ತುತ್ತ, ಇಳಿಯುತ್ತ ಹೋಗುತ್ತಿತ್ತು. ಕಾವಲುಗಾರ ಬಿಟ್ಟರೆ ಅಲ್ಲಿ ನರಪಿಳ್ಳೆ ಇಲ್ಲ. ಮಳೆ ನಿಂತ ಹೊಸದರಲ್ಲಿ ಎರಡೂ ಕಡೆ ಎದೆಯೆತ್ತರ ಹುಲ್ಲು. ಏರಿನಲ್ಲಿ ನಮ್ಮಿಬ್ಬರ ಉಸಿರು, ಇಳಿಜಾರಿನಲ್ಲಿ ಗಾಲಿಯ ಟಿಕ್ ಟಿಕ್, ಬೇರೆ ಸದ್ದಿಲ್ಲ. ಅದೂ ಮುಂಬಯಿಯೇ ಎಂದರೆ ಇಂದು ನನ್ನ ಸೊಸೆ ನಗುತ್ತಾಳೆ.

ಕಾಕಾ ಆಫೀಸಿನಲ್ಲಿ ಉಳಿದ ಬಟ್ಟೆಯ ತುಂಡಿನ ಮೇಲೆ ಈ ಹಾದಿಗಳ ನಕ್ಷೆ ಬರೆದಿದ್ದರು. ಪಾರ್ಲೆಯಿಂದ ಘೋಡಬಂದರದ ಹಿನ್ನೀರಿನ ಖಾಡಿಯವರೆಗೆ, ಕೂದಲೆಳೆಯಂಥ ಗೆರೆಗಳು. ಲಾರಿ ಓಡಾಡುವ ದೊಡ್ಡ ರಸ್ತೆಗಳನ್ನು ಮಾತ್ರ ಬರೆದೇ ಇರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಅವು ರಸ್ತೆ ಅಲ್ಲಪ್ಪಾ, ಅವು ಆಫೀಸು" ಎಂದಿದ್ದರು.

ನಾನು ಮುಂದೆ, ಅವರು ಹಿಂದೆ. ಇದು ಅವರದೇ ನಿಯಮ. ಬಿಳಿ ಅಂಗಿ ಹಾಕಿಕೊಂಡೇ ಬರಬೇಕು ಎನ್ನುತ್ತಿದ್ದರು. ಎಡಕ್ಕೆ ತಿರುವು ಬಂದರೆ ಒಂದು ಸಲ ಗಂಟೆ, ಬಲಕ್ಕೆ ಎರಡು, ನಿಲ್ಲುವುದಿದ್ದರೆ ಉದ್ದಕ್ಕೆ ಬಾರಿಸಬೇಕು. ಖಾಲಿ ರಸ್ತೆಯಲ್ಲಿ ಗಂಟೆ ಬಾರಿಸುತ್ತ ಹೋಗುವುದು ನನಗೆ ನಗೆ ತರಿಸುತ್ತಿತ್ತು. ಹಿರಿಯರ ಹುಕಿ ಎಂದುಕೊಂಡು ಬಾರಿಸುತ್ತಿದ್ದೆ.

ಒಂದು ಐತವಾರ ಕೆರೆಯ ದಂಡೆಯ ಹತ್ತಿರ ಬಾಯಾರಿತೆಂದು ಗಂಟೆ ಬಾರಿಸದೆ ಪಕ್ಕಕ್ಕೆ ನಿಲ್ಲಿಸಿ ಇಳಿದೆ. ಕಾಕಾ ನನ್ನ ಮಗ್ಗುಲಿನಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ಹಾದುಹೋದರು. ನನ್ನನ್ನು ನೋಡಲಿಲ್ಲ. ಹತ್ತು ಮಾರು ಹೋದ ಮೇಲೆ ಬ್ರೇಕು ಹಿಡಿದು, ಸೈಕಲ್ ಮೇಲೇ ಒಂದು ಕಾಲೂರಿ ನಿಂತು, ಎದುರಿಗಿದ್ದ ಬರೀ ಗಾಳಿಗೆ ಕರೆದರು: "ತಮ್ಮಾ? ಎಲ್ಲಿದ್ದೀಯೋ?"

ಆ ದನಿ ಇವತ್ತಿಗೂ... ಅದರಲ್ಲಿ ಹೆದರಿಕೆ ಇತ್ತು.

ನಾನು ಓಡಿಹೋದೆ. ಅವರು ಹುಲ್ಲಿನ ಮೇಲೆ ಕೂತು ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಕಾಚಬಿಂದು ಅಂತ ಅಂದ ಡಾಕ್ಟರ. ಎರಡು ವರ್ಷ ಆತು. ನಡುವ ಕಾಣ್ತದ, ಅಗದಿ ಛಲೋ ಕಾಣ್ತದ. ಬಾಜೂಕ ಏನೂ ಇಲ್ಲ. ನಳಿಗಿ ಒಳಗಿಂದ ನೋಡಿಧಂಗ. ಹಂಗಂತ ಗೆರಿ ಎಳೀಲಿಕ್ಕೆ ತ್ರಾಸ ಇಲ್ಲ, ನಿಬ್ಬಿನ ತುದಿ ಕಂಡರ ಸಾಕು. ರಸ್ತೆದಾಗ ಆಗೂದಿಲ್ಲ. ಗಾಡಿ ಎಲ್ಲಿಂದ ಬರ್ತದ ಗೊತ್ತಾಗೂದಿಲ್ಲ."

"ಮತ್ತ ಸೈಕಲ್ ಯಾಕ ಹೊಡೀತೀರಿ ಕಾಕಾ?"

"ಆರು ದಿವಸ ಈ ಕಣ್ಣು ಕಂಪನೀದು. ಒಂದು ದಿವಸರ ನಂದು ಇರಲಿ." ಚಷ್ಮಾ ಹಾಕಿಕೊಳ್ಳುತ್ತ ಮತ್ತೆ ಹೇಳಿದರು, "ನಿನ್ನ ಬಿಳಿ ಅಂಗಿ ನಳಿಗ್ಯಾಗ ಬರೋಬರಿ ಕೂಡ್ತದ. ಆಫೀಸಿನ್ಯಾಗ ಯಾರಿಗೂ ಗೊತ್ತಿಲ್ಲ. ಕಾಕೂಗೂ ಗೊತ್ತಿಲ್ಲ. ನೀನೂ ಹೇಳಬ್ಯಾಡ."

ನಾನು ಹೇಳಲಿಲ್ಲ. ಅಂದಿನಿಂದ ಐತವಾರದ ತೂಕ ಮಾತ್ರ ಬೇರೆಯಾಯಿತು. ಅಲ್ಲಿಯವರೆಗೆ ನಾನು ಗುಡ್ಡ ನೋಡುತ್ತಿದ್ದೆ, ಈಗ ರಸ್ತೆ ನೋಡತೊಡಗಿದೆ. ತಗ್ಗು ಎಲ್ಲಿ, ಕಲ್ಲು ಎಲ್ಲಿ, ಎಮ್ಮೆ ಎಲ್ಲಿ ಅಡ್ಡ ನಿಂತಿದೆ. ಆರು ದಿನ ಕಂಪನಿಯ ಫೈಲುಗಳನ್ನು ನೋಡಿದ ಕಣ್ಣಿನಿಂದ ಏಳನೆಯ ದಿನ ಇಬ್ಬರಿಗಾಗುವಷ್ಟು ನೋಡಬೇಕಿತ್ತು. ಸಂಜೆ ಮನೆಗೆ ಬಂದಾಗ ಕಾಲಿಗಿಂತ ಹೆಚ್ಚಾಗಿ ಕಿವಿ, ಕುತ್ತಿಗೆ, ಹಲ್ಲಿನ ಬುಡ ನೋಯುತ್ತಿದ್ದವು. ಕಾಕಾ ಹಗುರಾಗಿ ಬರುತ್ತಿದ್ದರು. ಮೋರಿಯ ಹತ್ತಿರ ಕಾಲು ತೊಳೆಯುತ್ತ ಗುನುಗುತ್ತಿದ್ದರು. ಅದನ್ನು ಕಂಡು ನನಗೆ ಸಂತೋಷವಾಗುತ್ತಿತ್ತು, ನಿಜ. ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಇಂಥ ಸಿಟ್ಟನ್ನು ಯಾರ ಮುಂದೆ ಹೇಳುವುದು?

ಹೀಗೆ ಒಂದೂವರೆ ವರ್ಷ ನಡೆಯಿತು.

ನವರಾತ್ರಿ ಮುಗಿದ ಮೇಲಿನ ಒಂದು ಐತವಾರ. ಆ ವಾರ ಆಫೀಸಿನಲ್ಲಿ ಇಬ್ಬರು ರಜೆ ಹಾಕಿ ಅವರ ಕೆಲಸವೂ ನನ್ನ ಮೇಜಿಗೆ ಬಂದಿತ್ತು. ಕ್ಲಾಸಿನಲ್ಲಿ ಪರೀಕ್ಷೆ. ಶನಿವಾರ ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಹೋಗಿ, ಪಾರ್ಲೆ ದಾಟಿ, ಅಂಧೇರಿಯಲ್ಲಿ ಇಳಿದು ವಾಪಸು ಬಂದಿದ್ದೆ. ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟಿದ ಸದ್ದು ಕೇಳಿದಾಗ ನನ್ನ ಮೈಯ ಒಂದು ಎಲುಬೂ ಏಳಲು ಒಪ್ಪಲಿಲ್ಲ. ಹೇಗೋ ಚಿಲಕ ತೆಗೆದು, ಮತ್ತೆ ಹಾಸಿಗೆಗೆ ಬಿದ್ದು ಹೇಳಿದೆ:

"ಜ್ವರ ಬಂಧಂಗ ಆಗೇದ್ರೀ ಕಾಕಾ."

ಕಾಕಾ ಒಳಗೆ ಬಂದರು. ಬಗ್ಗಿ, ಗಾಳಿಯಲ್ಲಿ ಒಮ್ಮೆ ತಡವಿ, ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ತಣ್ಣನೆಯ, ಒರಟು ಅಂಗೈ. ಒಂದು ಗಳಿಗೆ ಹಾಗೇ ಇಟ್ಟುಕೊಂಡರು. ನಾನು ಕಣ್ಣು ಮುಚ್ಚಿದೆ.

"ಹೂಂ. ಮಲ್ಕೋ," ಎಂದರು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

ಒಬ್ಬರೇ ಹೋಗಲಾರರು, ಅವರೂ ಮಲಗುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡೆನೋ, ಅಂದುಕೊಳ್ಳಲು ನನಗೆ ಅನುಕೂಲವಾಗಿತ್ತೋ... ನಿದ್ದೆ ಮಾತ್ರ ಬಂತು. ಅಂಥ ನಿದ್ದೆ ಆಮೇಲೆ ಜೀವನದಲ್ಲಿ ಬಂದಿಲ್ಲ.

ಹತ್ತು ಗಂಟೆಯ ಸುಮಾರಿಗೆ ಎಚ್ಚರವಾಗಿ ನಳದ ಕಡೆಗೆ ಹೋದಾಗ ಕಾಕೂ ಕೊಡ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಕೊಡ ಕೆಳಗಿಟ್ಟರು.

"ಅಯ್ಯ, ನೀ ಇಲ್ಲೇ ಇದ್ದೀ? ಅವರ ಜೋಡಿ ಹೋಗಿಲ್ಲಾ?"

"ಕಾಕಾ ಹೋದರಾ?"

"ಐದಕ್ಕ ಹೋದರಲ್ಲಾ, ರೊಟ್ಟಿ ಕಟಗೊಂಡು. ನೀ ಹೊರಗ ನಿಂತೀಯಂತ ನಾ ತಿಳಕೊಂಡೆ. ಯಾಕ, ಏನಾತು? ಯಾಕ ಹಂಗ ನೋಡ್ತಿ?"

ಏನೂ ಇಲ್ಲ ಎಂದೆ. ಅಂಗಿ ಸಿಕ್ಕಿಸಿಕೊಂಡು ಸೈಕಲ್ ಹತ್ತಿದೆ. ಅಂಧೇರಿಯ ಪೇಟೆಯಲ್ಲಿ ಪ್ರತಿಯೊಂದು ಲಾರಿಯೂ ನನಗೆ ದೊಡ್ಡದಾಗಿ ಕಾಣುತ್ತಿತ್ತು. ಮರೋಳದ ನಾಕಾದಲ್ಲಿ ಉಡುಪಿ ಕಡೆಯವರೊಬ್ಬರ ಚಹಾದ ಅಂಗಡಿ ಇತ್ತು, ನಾವು ಪ್ರತಿ ವಾರ ಅಲ್ಲಿ ನಿಲ್ಲುತ್ತಿದ್ದೆವು. ಅವರು ನನ್ನನ್ನು ನೋಡಿದ್ದೇ ಹೊರಗೆ ಬಂದರು.

"ನಿಮ್ಮ ಕಾಕಾ ಒಬ್ರೇ ಹೋದ್ರಲ್ಲ ಮಾರಾಯ್ರೆ, ಬೆಳಿಗ್ಗೆ? ನೀವೆಲ್ಲಿ ಅಂತ ಕೇಳಿದೆ. ಹಿಂದೆ ಬರ್ತಾನೆ ಅಂದ್ರು. ಇಷ್ಟೊತ್ತು ನೀವು ಬರ್ಲಿಲ್ಲ, ಅವ್ರೂ ವಾಪಾಸು ಬರ್ಲಿಲ್ಲ."

ಹಿಂದೆ ಬರುತ್ತಾನೆ ಎಂದಿದ್ದರು. ಆ ಮಾತು ಕೇಳಿದ ಮೇಲೆ ಪೈಪಿನ ಹಾದಿಯ ಏರನ್ನು ಹೇಗೆ ಹತ್ತಿದೆನೋ ತಿಳಿಯದು. ಬಿಸಿಲು ನೆತ್ತಿಗೆ ಬಂದಿತ್ತು. ನಡುನಡುವೆ "ಕಾಕಾ" ಎಂದು ಕೂಗುತ್ತಿದ್ದೆ. ಹುಲ್ಲಿನಿಂದ ಟಿಟ್ಟಿಭ ಹಕ್ಕಿಗಳು ಎದ್ದು ಚೀರುತ್ತಿದ್ದವು, ಅಷ್ಟೇ. ಎರಡನೆಯ ಗುಡ್ಡದ ಇಳಿಜಾರಿನಲ್ಲಿ, ಹಾದಿ ಥಟ್ಟನೆ ಎಡಕ್ಕೆ ಹೊರಳುವಲ್ಲಿ, ಪೈಪಿಗೆ ಆಸರೆಯಾಗಿ ಕಟ್ಟಿದ ಕಲ್ಲುಕಟ್ಟೆಯ ನೆರಳಲ್ಲಿ ಅವರು ಕೂತಿದ್ದರು. ಸೈಕಲ್ಲು ಕೆಳಗೆ ಮಳೆನೀರಿನ ಕಾಲುವೆಯಲ್ಲಿ ಬಿದ್ದಿತ್ತು, ಮುಂದಿನ ಗಾಲಿ ಸೊಟ್ಟಗಾಗಿ. ಮೊಣಕಾಲಿನಿಂದ ಮೀನಖಂಡದವರೆಗೆ ರಕ್ತ ಇಳಿದು ಒಣಗಿತ್ತು. ಚಷ್ಮಾದ ಎರಡೂ ಗಾಜು ಇರಲಿಲ್ಲ, ಬರೀ ಫ್ರೇಮನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ.

ನನ್ನ ಗಾಲಿಯ ಸದ್ದಿಗೇ ಮುಖ ಎತ್ತಿದರು.

"ಜ್ವರ ಇಳೀತೇನೋ?" ಎಂದರು.

ಚುಚ್ಚಿ ಕೇಳಲಿಲ್ಲ. ನಿಜವಾಗಿ ಜ್ವರದವನನ್ನು ಕೇಳುವಂತೆಯೇ ಕೇಳಿದರು. ಆಗಲಾದರೂ ನಾನು ಹೇಳಬಹುದಿತ್ತು. "ಹೂಂ ರೀ, ಇಳೀತು" ಎಂದೆ.

ಅವರ ಅಂಗವಸ್ತ್ರ ಹರಿದು ನಾನು ಮೊಣಕಾಲಿಗೆ ಕಟ್ಟುವಾಗ ಅವರೇ ಹೇಳಿದರು. "ಪೈಪಿನ ಕಟ್ಟಿ ಎಣಿಸಿಕೋತ ಬಂದಿದ್ದೆ. ಹದಿನಾಲ್ಕನೇ ಕಟ್ಟಿಗೆ ಎಡಕ್ಕ ಹೊಳ್ಳಬೇಕು ಅಂತ ನನಗ ಬಾಯಿಪಾಠ. ಎಣಸಲಿಕ್ಕೆ ಅಂತ ಮಾರಿ ಹೊಳ್ಳಿಸಿದೆ, ಅಷ್ಟರೊಳಗ ರಸ್ತೆನ ಹೊಳ್ಳಿತು." ಎಂದು ನಕ್ಕರು. ಆಮೇಲೆ, "ಹದಿಮೂರರ ತನಕ ಒಬ್ಬನ ಬಂದಿದ್ದೆ ನೋಡು" ಎಂದರು.

ಪಾರ್ಲೆಗೆ ಏಳು ಮೈಲು. ಸೊಟ್ಟ ಗಾಲಿಯ ಸೈಕಲ್ಲು ಉರುಳುತ್ತಿರಲಿಲ್ಲ. ಅದರ ಮುಂಗಾಲಿಯನ್ನು ನನ್ನ ಕ್ಯಾರಿಯರಿಗೆ ಎತ್ತಿ ಕಟ್ಟಿ, ನನ್ನ ಸೈಕಲ್ಲು ತಳ್ಳುತ್ತ ಮುಂದೆ ನಡೆದೆ. ಕಾಕಾ ತಮ್ಮ ಸೈಕಲ್ಲಿನ ಸೀಟು ಹಿಡಿದುಕೊಂಡು ಹಿಂದೆ. ಚಾಳು ಮುಟ್ಟಿದಾಗ ದೀಪ ಹಚ್ಚಿದ್ದರು. ಕಾಕೂ ಹೊಸ್ತಿಲಲ್ಲೇ ನಿಂತಿದ್ದರು. ಗಂಡನ ಕಾಲು ನೋಡಿದರು, ಗಾಜಿಲ್ಲದ ಫ್ರೇಮು ನೋಡಿದರು. ಕಾಕಾ ಒಳಗೆ ಬರುವಾಗ ಬಾಗಿಲ ಪಕ್ಕದ ಹಿತ್ತಾಳೆ ಹಂಡೆಗೆ ಡಿಕ್ಕಿ ಹೊಡೆದದ್ದನ್ನೂ ನೋಡಿದರು.

"ಎಷ್ಟು ದಿವಸ ಆತ್ರೀ?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆ ನನಗೂ ಸೇರಿಸಿಯೇ ಇತ್ತು. ನಾನು ನನ್ನ ಖೋಲಿಗೆ ಹೋದೆ.

ಮಿಕ್ಕಿದ್ದು ಬಹಳ ಬೇಗ ಆಯಿತು. ಹೊಸ ಚಷ್ಮಾಕ್ಕೆ ಹೋದಾಗ ಕಣ್ಣಿನ ಡಾಕ್ಟರರು ಕಾಚಬಿಂದು ಎಂದು ಚೀಟಿ ಬರೆದುಕೊಟ್ಟರು. ಕಾಲು ಮಾಯದೆ ಹದಿನೈದು ದಿನ ಆಫೀಸಿಗೆ ಹೋಗಲಾಗಲಿಲ್ಲ. ಹೋದ ದಿನ, ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದಕ್ಕೆ ಆ ಚೀಟಿಯನ್ನೇ ತೋರಿಸಬೇಕಾಯಿತು. ಕಂಪನಿಯವರು ಮರ್ಯಾದೆಯಿಂದಲೇ ಮನೆಗೆ ಕಳಿಸಿದರು. ಕಾಲಿಗೆ ಪೆಟ್ಟಾಗದೆ, ಚಷ್ಮಾ ಒಡೆಯದೆ ಇದ್ದಿದ್ದರೆ ಇನ್ನೂ ಎರಡು ಮೂರು ವರ್ಷ ನಿಬ್ಬಿನ ತುದಿ ನೋಡಿಕೊಂಡು ಸಾಗಿಸುತ್ತಿದ್ದರೋ ಏನೋ. ಇದನ್ನು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಪ್ರತಿ ಸಲವೂ ಲೆಕ್ಕ ನನ್ನ ಹಾಸಿಗೆಗೇ ಬಂದು ನಿಲ್ಲುತ್ತದೆ.

ರಾಜ್ಯಗಳು ಬೇರೆಬೇರೆಯಾಗಿ ವಿಜಾಪುರ ಮೈಸೂರಿನ ಕಡೆಗೆ ಸೇರಿದ ಚಳಿಗಾಲ ಅದು. ಅದೇ ಚಳಿಗಾಲದಲ್ಲಿ ಅವರು ಖೋಲಿ ಬಿಟ್ಟರು. ಬೋರಿಬಂದರಿನಲ್ಲಿ ಮಧ್ಯಾಹ್ನ ಸೋಲಾಪುರದ ಗಾಡಿಗೆ ಹತ್ತಿಸಲು ನಾನೇ ಹೋಗಿದ್ದೆ. ಸೈಕಲ್ಲನ್ನೂ ಒಯ್ಯುವುದೆಂದು ಕಾಕಾ ಹಟ ಹಿಡಿದಿದ್ದರು. "ಇನ್ನ ಅದನ್ನ ತಗೊಂಡು ಏನು ಮಾಡವರಿದ್ದೀರಿ?" ಎಂದು ಕಾಕೂ ಗೊಣಗುತ್ತಿದ್ದರು. ನಾನು ಅದರ ಹ್ಯಾಂಡಲಿಗೆ ಗೋಣೀಚೀಲ ಸುತ್ತಿ ಬ್ರೇಕ್‌ವ್ಯಾನಿಗೆ ಹಾಕಿಸಿ ಬಂದು ಕಿಟಕಿಯ ಹತ್ತಿರ ನಿಂತೆ. ಕಾಕೂ ಆಚೆ ಬದಿಗೆ ಗಂಟುಮೂಟೆ ಜೋಡಿಸುತ್ತಿದ್ದರು. ಕಾಕಾ ಸರಳುಗಳ ನಡುವಿನಿಂದ ಕೈ ಹೊರಗೆ ಹಾಕಿ ನನ್ನ ಹೆಗಲು ಹುಡುಕಿ ಹಿಡಿದರು.

"ತಮ್ಮಾ, ಆ ಐತವಾರ ನಿನ್ನ ಹಣಿ ತಣ್ಣಗಿತ್ತು."

ನಾನು ಕಿಟಕಿಯ ಸರಳು ಹಿಡಿದೆ.

"ಕಣ್ಣು ಹೋಗ್ಯಾವ, ಕೈ ಹೋಗಿಲ್ಲ. ನಾ ಏನೂ ಅನ್ನೂದಿಲ್ಲ. ನಿನಗ ದಣಿವಾಗಿತ್ತು. ದಣಿದೀನಿ ಅಂತ ಹೇಳಬೇಕಿತ್ತೋ ಮಾರಾಯಾ, ಅದಕ್ಕ ಜ್ವರ ಯಾಕ ಬೇಕು? ನಾನರ ದಿನಾ ದಣದ ಬರತಿದ್ದೆ. ನನಗ ತಿಳೀತಿರಲಿಲ್ಲೇನು?"

ಗಾಡಿ ಸಿಳ್ಳೆ ಹಾಕಿತು. ನಾನು ಏನಾದರೂ ಹೇಳಿದೆನೇ? ಹೇಳಿದೆ ಎಂದುಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ... ಹೇಳಿರಲಿಲ್ಲ. ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದೆ. ಅವರ ಕೈ ಹೆಗಲಿನಿಂದ ಜಾರಿತು.

ಮೂರು ಕಾರ್ಡು ಬಂದವು, ಬೇರೆ ಯಾರದೋ ಅಕ್ಷರದಲ್ಲಿ. ಎರಡನೆಯದರಲ್ಲಿ ಕಾಕೂ ಬರೆಸಿದ್ದರು: ಅವರಿಗೆ ಈಗ ಬೆಳಕು ಕತ್ತಲೆ ಬಿಟ್ಟು ಬೇರೆ ತಿಳಿಯುವುದಿಲ್ಲ, ಸಂಜೆಯಾದರೆ ಅಂಗಳದಲ್ಲಿ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹತ್ತಿ ಕೂತು ಪೆಡಲ್ ತುಳಿಯುತ್ತಾರೆ, ಹಿಂದಿನ ಗಾಲಿ ತಿರುಗುತ್ತದೆ, ಓಣಿಯವರು ನಗುತ್ತಾರೆ, ನಾನು ನಗುವುದಿಲ್ಲ. ಮೂರನೆಯ ಕಾರ್ಡಿನ ಮೂಲೆ ಹರಿದಿತ್ತು. ಆ ಕಾಲದಲ್ಲಿ ಸಾವಿನ ಸುದ್ದಿ ಹಾಗೆಯೇ ಬರುತ್ತಿತ್ತು. ನಾನು ಆಗಷ್ಟೇ ಮದುವೆಯಾಗಿ ಮಲಾಡಿಗೆ ಬಂದಿದ್ದೆ, ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ. ಹೋಗಲಿಲ್ಲ. ಕಾಕೂಗೆ ಒಂದು ಪತ್ರ ಬರೆದೆ. ಅದರಲ್ಲಿಯೂ ಆ ಐತವಾರದ ಮಾತು ಬರೆಯಲಿಲ್ಲ.

ಈಗ ನನಗೆ ಎಪ್ಪತ್ತು ದಾಟಿದೆ. ರಿಟೈರ್ ಆಗಿ ಹತ್ತು ವರ್ಷದ ಮೇಲಾಯಿತು. ಯಾವ ದಿನವೂ ಬೇಗ ಏಳುವ ಕೆಲಸವಿಲ್ಲ. ಆದರೂ ಐತವಾರ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಹಾಸಿಗೆಯ ಮೇಲೆ ಎದ್ದು ಕೂತಿರುತ್ತೇನೆ. ಕೆಳಗೆ ಆಗಲೇ ರಿಕ್ಷಾಗಳು ಓಡಾಡುತ್ತಿರುತ್ತವೆ. ಹೆಂಡತಿ ಮಗ್ಗುಲಾಗಿ ಕೇಳುತ್ತಾಳೆ, "ಯಾಕ್ರೀ, ಏನಾತು?"

"ಏನಿಲ್ಲ. ದಣಿವಾಗೇದ."

"ರಾತ್ರಿಯೆಲ್ಲಾ ಮಲಗಿ ಎದ್ದು ದಣಿವೇನ್ರೀ?" ಎನ್ನುತ್ತಾಳೆ. ಅವಳು ಕೇಳುವುದರಲ್ಲಿ ತಪ್ಪಿಲ್ಲ. ಕಾಕಾ ಇದ್ದಿದ್ದರೆ ಇಷ್ಟು ಕೇಳುತ್ತಿರಲಿಲ್ಲ.